ಇಬ್ರಾಹಿಮನ ಹಿಂದೆ ಬರುವ ಕಾಗೆಗಳು

ನನ್ನ ಹಿಟ್ಟಿನ ಗಿರಣಿಯ ಎದುರಿಗೇ ಇಬ್ರಾಹಿಮನ ಮಟನ್ ಅಂಗಡಿ. ಬೇಡಕಿಹಾಳದಲ್ಲಿ ಇಷ್ಟು ಜಾಗ ಬಿದ್ದಿರುವಾಗ ಒಬ್ಬ ಜೈನನ ಗಿರಣಿಯ ಮುಂದೆಯೇ ಅಂಗಡಿ ಇಡುವ ಬುದ್ಧಿ ನಿನಗೆ ಕೊಟ್ಟವರು ಯಾರು ಎಂದು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. ಅವನೂ ಮೂವತ್ತು ವರ್ಷದಿಂದ ಒಂದೇ ಉತ್ತರ ಕೊಡುತ್ತಾನೆ. "ನೇಮಣ್ಣಾ, ನಾ ಅಂಗಡಿ ಇಟ್ಟಾಗ ನಿನ್ನ ಗಿರಣಿ ಎಲ್ಲಿತ್ತೋ ಮಾರಾಯಾ?" ಮಾತು ನಿಜ, ಮೊದಲು ಬಂದವನು ಅವನೇ. ಅದಕ್ಕೇ ನನಗೆ ಹೆಚ್ಚು ಸಿಟ್ಟು.

ಹಾಗಂತ ಕೆಟ್ಟ ನೆರೆಯವನಲ್ಲ. ನಮ್ಮ ಪರ್ಯುಷಣದ ಹತ್ತು ದಿನ ಯಾರೂ ಹೇಳದೆ ಅಂಗಡಿಗೆ ಪರದೆ ಎಳೆದು ಮನೆಯಲ್ಲಿ ಕೂರುತ್ತಾನೆ. "ನಿನ್ನ ಸಲುವಾಗಿ ಅಲ್ಲ, ಜಿನಮತಿ ವೈನಿ ಸಲುವಾಗಿ" ಎನ್ನುತ್ತಾನೆ. ಜಿನಮತಿ ನನ್ನ ಹೆಂಡತಿ. ಆಕೆಗೆ ಇಬ್ರಾಹಿಮನ ಮೇಲೆ ತಕರಾರಿಲ್ಲ. ತಕರಾರು ಅವನ ಕಾಗೆಗಳ ಮೇಲೆ. ಗಿರಣಿಯ ಮಾಳಿಗೆ ಮೇಲೆ ಶ್ಯಾವಿಗೆ ಒಣಹಾಕಿದರೆ ಅವು ಮೊದಲು ಬಂದು ರುಚಿ ನೋಡುತ್ತವೆ.

ಬೆಳಿಗ್ಗೆ ಮೊದಲ ಆಡಿನ ಕೆಲಸ ಮುಗಿಯುತ್ತಲೇ ಇಬ್ರಾಹಿಮ ಚೂರುಪಾರನ್ನು ಬುಟ್ಟಿಗೆ ಹಾಕಿ, ಅಂಗಡಿಯ ತಗಡಿನ ಮೇಲೆ ಎಸೆದು, "ಆವ್... ಆವ್..." ಎಂದು ಕೂಗುತ್ತಾನೆ. ಮೂವತ್ತು ನಲವತ್ತು ಕಾಗೆ ಇಳಿಯುತ್ತವೆ. ಅವಕ್ಕೆ ಅವನ ಸ್ಕೂಟರಿನ ಸದ್ದೂ ಗೊತ್ತು, ನಡಿಗೆಯೂ ಗೊತ್ತು. ಶುಕ್ರವಾರ ನಮಾಜಿಗೆ ಹೋದರೆ ಮಸೀದಿಯ ಎದುರಿನ ತಂತಿ ಮೇಲೆ ಸಾಲಾಗಿ ಕೂರುತ್ತವೆ. ಇಬ್ರಾಹಿಮ ತಪ್ಪಿಸಿದರೂ ಅವನ ಕಾಗೆಗಳು ನಮಾಜು ತಪ್ಪಿಸುವುದಿಲ್ಲ ಎಂದು ಊರಲ್ಲಿ ನಗುತ್ತಾರೆ.

ಆ ಕಾಗೆಗಳಿಂದಲೇ ಅವನಿಗೆ ಹೆಸರು ಬಂತು. ಅವನ ನಿದ್ದೆ ಹೋದದ್ದೂ ಅವುಗಳಿಂದಲೇ.

ನಮ್ಮ ಕಡೆ ಹಿಂದೂಗಳ ಮನೆಯಲ್ಲಿ ಯಾರಾದರೂ ತೀರಿದರೆ ಮೂರನೇ ದಿನ ರಕ್ಷಾ ವಿಸರ್ಜನ ಮಾಡುತ್ತಾರೆ. ಸುಟ್ಟ ಜಾಗದ ಬೂದಿ ಬಳಿದು, ನೀರು ಚಿಮುಕಿಸಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತಾರೆ. ಆಮೇಲೆ ಎಲ್ಲರೂ ದೂರ ಸರಿದು ಕಾಗೆಗಾಗಿ ಕಾಯಬೇಕು. ಕಾಗೆ ಮುಟ್ಟಿದರೆ ಜೀವ ಸಮಾಧಾನದಿಂದ ಹೋಯಿತು. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು ಕೈಮುಗಿದು, ಇಂಥದ್ದು ಮಾಡುತ್ತೇವೆ, ಇಂಥವರನ್ನು ನೋಡಿಕೊಳ್ಳುತ್ತೇವೆ ಎಂದು ಊರ ಮುಂದೆ ಗಟ್ಟಿಯಾಗಿ ಮಾತು ಕೊಡುತ್ತಾರೆ. ಬದುಕಿದ್ದಾಗ ಒಂದು ಲೋಟ ಚಹಾ ಕೊಡದವರೂ ಅಲ್ಲಿ ಏನೇನೋ ಕೊಡುತ್ತಾರೆ.

ನಮ್ಮ ಧರ್ಮದಲ್ಲಿ ಇದಿಲ್ಲ, ನನಗೆ ನಂಬಿಕೆಯೂ ಇಲ್ಲ. ಆದರೆ ಗಿರಣಿ ಇಟ್ಟವನಿಗೆ ಊರಿನ ಪ್ರತಿ ಸಾವೂ ಪರಿಚಯದ ಸಾವೇ. ಅವರ ಜೋಳ ಬೀಸಿದ ಕೈ ಅವರ ಮಣ್ಣಿಗೆ ಹೋಗದಿದ್ದರೆ ಹೇಗೆ? ಹಾಗಾಗಿ ಹದಿನಾಲ್ಕು ವರ್ಷದ ಹಿಂದೆ ಹೊಳೆವ್ವ ಸತ್ತಾಗ ನಾನೂ ಹೋಗಿದ್ದೆ.

ಹೊಳೆವ್ವ ಕುರಿ, ಆಡು ಸಾಕಿ ಬದುಕಿದ ಮುದುಕಿ. ಆಡು ಮಾರುವುದಿದ್ದರೆ ಇಬ್ರಾಹಿಮನಿಗೆ ಮಾತ್ರ, ಅದೂ ಅರ್ಧ ತಾಸು ಜಗಳಾಡಿ. ಕೊಡುವ ಮುಂಚೆ ಆಡಿನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಆಕೆಗೆ ಇಬ್ಬರು ಗಂಡುಮಕ್ಕಳು, ಮಾಳಸಿದ್ದ ಮತ್ತು ಹಾಲಸಿದ್ದ. ಕೊನೆಯವಳು ಕಾಂಚನ. ಕಾಗವಾಡದ ಕಡೆಯಿಂದ ದ್ರಾಕ್ಷಿ ಹೊರುವ ಗಾಡಿಯ ಚಾಲಕನೊಬ್ಬನನ್ನು, ಬೇರೆ ಜಾತಿಯವನನ್ನು, ಕಾಂಚನ ತಾನೇ ಮೆಚ್ಚಿ ಮದುವೆಯಾಗಿದ್ದಳು. ಅಣ್ಣಂದಿರು ತವರಿನ ಬಾಗಿಲು ಹಾಕಿದರು. ಆಕೆಯ ಹೆಸರನ್ನು ಮನೆಯಲ್ಲಿ ಎತ್ತಕೂಡದು ಎಂದು ತಾಯಿಗೂ ಕಟ್ಟು ಹಾಕಿದರು.

ಹೊಳೆವ್ವ ಸಾಯುವ ಒಂದು ವಾರ ಮುಂಚೆ ಇಬ್ರಾಹಿಮನ ಅಂಗಡಿಯ ಮುಂದಿನ ಬಾಕಿನ, ಅಂದರೆ ಬೆಂಚಿನ, ಮೇಲೆ ಕೂತು ಅವನಿಗೊಂದು ಮಾತು ಹೇಳಿದ್ದಳು. ನನಗೆ ಇದು ತಿಳಿದದ್ದು ಬಹಳ ತಡವಾಗಿ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಕಾಡಿಸುವ ಚಟ ನನಗಿಲ್ಲ.

"ಲೇ ಇಬ್ರಾಹಿಮ, ಜೀವಂತ ಇದ್ದಾಗ ನನ್ನ ಮಾತ ಕೇಳಲಿಲ್ಲ ಇವರು. ಸತ್ತ ಮ್ಯಾಲೆ ಕೇಳಸ್ತೇನು ನೋಡ. ಕಾಂಚನನ್ನ ಮನೀಗಿ ಕರ್ಕೊಂಡ ಬರ್ತೇವು ಅಂತ ಊರ ಮುಂದ ಬಾಯಿ ಬಿಡೂ ತನಕ ನಾ ಎಡೀ ಮುಟ್ಟಾಂಗಿಲ್ಲ. ಮಧ್ಯಾಹ್ನ ಆಗಲಿ, ಸಂಜಿ ಆಗಲಿ."

ಇಬ್ರಾಹಿಮ ನಕ್ಕು, "ಆತ ಬೇ, ನೀ ಅಂದಂಗ ಆಗಲಿ" ಎಂದನಂತೆ. ಮುದುಕಿಯ ಹಟ ಎಂದುಕೊಂಡು ಮರೆತನಂತೆ.

ಮೂರನೇ ದಿನ ಹಳ್ಳದ ದಂಡೆಯ ಸ್ಮಶಾನದಲ್ಲಿ ಎಡೆ ಇಟ್ಟಾಗ ಏಳು ಗಂಟೆ. ಒಂಬತ್ತಾದರೂ ಒಂದು ಕಾಗೆ ಇಲ್ಲ. ಮಕ್ಕಳು ಕುರಿ ಮಾರುವುದಿಲ್ಲ ಎಂದರು, ದೇವರ ಹರಕೆ ತೀರಿಸುತ್ತೇವೆ ಎಂದರು. ಆಕಾಶ ಖಾಲಿ. ಅಷ್ಟರಲ್ಲಿ ನಾನು ರಸ್ತೆಯ ಕಡೆ ನೋಡಿದೆ. ಜಾಲಿ ಗಿಡದ ಮರೆಯಲ್ಲಿ ಕಾಂಚನ ಸೊಂಟದ ಮೇಲೆ ಎರಡು ವರ್ಷದ ಹೆಣ್ಣುಮಗು ಹೊತ್ತು ನಿಂತಿದ್ದಳು. ಕರೆಯದೆ ಹತ್ತಿರ ಬರುವಂತಿಲ್ಲ, ಬಿಟ್ಟು ಹೋಗಲು ಕಾಲು ಬರುತ್ತಿಲ್ಲ. ಮಾಳಸಿದ್ದನೂ ಆಕೆಯನ್ನು ನೋಡಿದ. ಕೈಮುಗಿದ. "ಅವ್ವಾ..." ಎಂದು ಬಾಯಿ ತೆರೆದ.

ಆಗ ಇಬ್ರಾಹಿಮ ಬಂದ. ಅಂಗಡಿ ಬಿಡುವು ಮಾಡಿಕೊಂಡು, ಹಳೆಯ ಪರಿಚಯದ ಮುದುಕಿಗೆ ಕೈಮುಗಿದು ಹೋಗೋಣ ಎಂದು, ತೊಟ್ಟ ಬಟ್ಟೆಯಲ್ಲೇ ಓಡಿ ಬಂದಿದ್ದ. ಅವನ ಹಿಂದೆ ಕಾಗೆಗಳೂ ಬಂದವು. ದಬದಬ ಇಳಿದು ನಾಲ್ಕು ನಿಮಿಷದಲ್ಲಿ ಎಡೆ ಬರಿದು ಮಾಡಿದವು. ಮಂದಿಯೆಲ್ಲ "ಮುಟ್ಟಿತು, ಮುಟ್ಟಿತು" ಎಂದು ಎದ್ದರು. ಹೊಳೆವ್ವ ಇಬ್ರಾಹಿಮನ ಹಾದಿ ಕಾಯುತ್ತಿದ್ದಳು ಎಂದು ಯಾರೋ ಕಣ್ಣೊರೆಸಿಕೊಂಡರು. ಮಾಳಸಿದ್ದ ತೆರೆದ ಬಾಯಿ ಮುಚ್ಚಿದ.

ಎಲ್ಲರೂ ಕಾಗೆ ನೋಡುತ್ತಿದ್ದಾಗ ಕಾಂಚನ ಇಬ್ರಾಹಿಮನನ್ನು ನೋಡುತ್ತಿದ್ದಳು. ಇಬ್ರಾಹಿಮನಿಗೆ ಮುದುಕಿಯ ಮಾತು ನೆನಪಾದದ್ದು ಆಗ. ಆಕೆ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಬಸ್ ನಿಲ್ದಾಣದ ಕಡೆ ನಡೆದುಬಿಟ್ಟಳು.

ಅಂದಿನಿಂದ ಇಬ್ರಾಹಿಮನಿಗೆ ಬಂದ ಮರ್ಯಾದೆ ಕೇಳಬೇಡಿ. ಯಾರ ಮನೆಯಲ್ಲಿ ಸತ್ತರೂ ಅವನಿಗೆ ಫೋನು. "ಮಾಮಾ, ನಾಳಿ ಏಳಕ್ಕ ಬರ್ರಿ." ಅವನು ಟೋಪಿ ತೆಗೆದು ಜೇಬಿನಲ್ಲಿಟ್ಟುಕೊಂಡು, ಮಂದಿಯಿಂದ ಹತ್ತು ಹೆಜ್ಜೆ ಹಿಂದೆ ನಿಲ್ಲುತ್ತಿದ್ದ. ಕಾಗೆ ಬರುತ್ತಿದ್ದವು, ಮುಟ್ಟುತ್ತಿದ್ದವು. ಮಂದಿ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುತ್ತಿದ್ದರು. ನಾನು ಚೇಷ್ಟೆ ಮಾಡುತ್ತಿದ್ದೆ: "ಬದುಕಿದ ಆಡೂ ನಿನ್ನ ಕೈಯಾಗ, ಸತ್ತ ಮಂದೀನೂ ನಿನ್ನ ಕೈಯಾಗ." ಅವನು ನಗುತ್ತಿರಲಿಲ್ಲ. ಬರುವುದಿಲ್ಲ ಎಂದು ಹೇಳುವ ಗಟ್ಟಿತನವೂ ಅವನಿಗಿರಲಿಲ್ಲ. ದುಃಖದ ಮನೆಯವರು ಕರೆದಾಗ ಒಲ್ಲೆ ಎನ್ನುವುದು ಅವನ ಬಾಯಿಗೆ ಬರುವ ಮಾತೇ ಅಲ್ಲ.

ಒಂದು ಸಂಗತಿ ಮಾತ್ರ ನನಗೆ ಅರ್ಥವಾಗಿರಲಿಲ್ಲ. ತಗಡಿನ ತುದಿಯಲ್ಲಿ ಒಂದು ಕಾಗೆ ಯಾವಾಗಲೂ ಬೇರೆಯಾಗಿ ಕೂರುತ್ತಿತ್ತು. ಉಳಿದವು ಕಚ್ಚಾಡಿ ತಿನ್ನುವಾಗ ಅದು ಸುಮ್ಮನೆ ನೋಡುತ್ತಿತ್ತು. ಇಬ್ರಾಹಿಮ ದಿನವೂ ಅದರ ಮುಂದೆ ಒಂದು ಒಳ್ಳೆಯ ಚೂರು ಬೇರೆ ಇಡುತ್ತಿದ್ದ. ಅದು ಮುಟ್ಟುತ್ತಿರಲಿಲ್ಲ. ಸಂಜೆಗೆ ಬೆಕ್ಕು ಒಯ್ಯುತ್ತಿತ್ತು. ಕಾಗೆ ಎಷ್ಟು ವರ್ಷ ಬದುಕುತ್ತದೋ ನನಗೆ ಗೊತ್ತಿಲ್ಲ. ಅದೇ ಕಾಗೆಯೋ, ಬೇರೆ ಬೇರೆಯವೋ, ಅದೂ ಗೊತ್ತಿಲ್ಲ. ಆ ತುದಿ ಖಾಲಿ ಇದ್ದದ್ದನ್ನು ನಾನು ನೋಡಿಲ್ಲ.

ಹೋದ ವರ್ಷದಿಂದ ಮಾಳಸಿದ್ದ ದಿನಾ ಬೆಳಿಗ್ಗೆ ಬಂದು ಇಬ್ರಾಹಿಮನ ಬಾಕಿನ ಮೇಲೆ ಕೂರತೊಡಗಿದ. ಮಟನ್ ಒಯ್ಯುವುದಿಲ್ಲ, ಮಾತೂ ಇಲ್ಲ. ತಗಡಿನ ತುದಿ ನೋಡುತ್ತ ಕೂರುವುದು. ಒಂದು ದಿನ ಕೇಳಿದ: "ಇಬ್ರಾಹಿಮ, ಸತ್ತಾವ್ರು ಕಾಗಿ ಆಗ್ತಾರಂತ, ಖರೇನ?"

"ನನ್ನ ಕೇಳ್ತೀಯಲ್ಲೋ. ನಮ್ಮಾಗ ಅದು ಇಲ್ಲ. ನೇಮಣ್ಣನ್ನ ಕೇಳ."

"ನಮ್ಮಾಗೂ ಇಲ್ಲಪ್ಪಾ" ಎಂದೆ ನಾನು ಗಿರಣಿಯಿಂದಲೇ.

ಮಾಳಸಿದ್ದ ಇಬ್ಬರನ್ನೂ ನೋಡಿ, "ನಮ್ಮಾಗ ಐತಿ" ಎಂದು ಎದ್ದು ಹೋದ.

ಈ ಫೆಬ್ರುವರಿಯಲ್ಲಿ, ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ, ಮಾಳಸಿದ್ದ ಹೊಲದ ಬದುವಿನ ಮೇಲೆ ಕೂತವನು ಕೂತಲ್ಲೇ ತೀರಿಕೊಂಡ. ಸುಟ್ಟು ಬಂದ ಸಂಜೆಯೇ ತಮ್ಮ ಹಾಲಸಿದ್ದ ಅಂಗಡಿಗೆ ಬಂದ. "ಮಾಮಾ, ನಾಡದು ಏಳಕ್ಕ. ನೀವು ಬಂದ್ರ ತಡಾ ಆಗಂಗಿಲ್ಲ, ಲಗೂನ ಮುಗಿತೈತಿ."

ಅವನು ಹೋದ ಮೇಲೆ ಇಬ್ರಾಹಿಮ ಕತ್ತಿ ಕೆಳಗಿಟ್ಟು ನನ್ನ ಗಿರಣಿಗೆ ಬಂದು ಹಿಟ್ಟಿನ ಚೀಲದ ಮೇಲೆ ಕೂತ. ಮೂವತ್ತು ವರ್ಷದಲ್ಲಿ ಅವನು ನನ್ನ ಗಿರಣಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಹೊಳೆವ್ವ ಹೇಳಿದ್ದನ್ನೆಲ್ಲ ಹೇಳಿದ.

"ಲಗೂನ ಮುಗಿತೈತಿ ಅಂತಾನ ನೋಡ ನೇಮಣ್ಣಾ. ಅವತ್ತೂ ನಾನ ಲಗೂನ ಮುಗಿಸಿದ್ನಿ. ಮುದಿಕಿ ಕಡೀ ಮಾತು, ಅದನ್ನ ನನ್ನ ಕಾಗಿ ತಿಂದ್ವು. ಹದಿನಾಕ ವರ್ಷ ಆತು, ಕಣ್ಣ ಮುಚ್ಚಿದ್ರ ಆ ಹುಡುಗಿ ರಸ್ತೇದಾಗ ನಿಂತಾಳ."

"ಕಾಗಿ ಅಂದ್ರ ಕಾಗಿ ಇಬ್ರಾಹಿಮ. ಹಸದಿದ್ದು, ತಿಂದ್ವು" ಎಂದೆ.

"ಹಸದ್ರ ತಿಂತಾವ. ಹೌದಲ್ಲ?" ಎಂದು ನನ್ನ ಮುಖ ನೋಡಿದ. ಏನೋ ಹೊಳೆದವನ ಹಾಗೆ ಎದ್ದು ಹೋದ.

ಮೂರನೇ ದಿನ ಬೆಳಿಗ್ಗೆ ನಾನು ಗಿರಣಿ ಗುಡಿಸಲು ಬಂದಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಇಬ್ರಾಹಿಮ ಬುಟ್ಟಿಗಟ್ಟಲೆ ತಗಡಿನ ಮೇಲೆ ಸುರಿಯುತ್ತಿದ್ದ. ಕರುಳು, ಯಕೃತ್ತು, ಮಾರುವ ಒಳ್ಳೆಯ ಮಾಂಸ, ಎಲ್ಲ. ಕಾಗೆಗಳು ಗಂಟಲು ಉಬ್ಬುವ ತನಕ ತಿಂದವು. ಆಮೇಲೆ ಮುಂದಿಟ್ಟರೂ ಮೂಸಲಿಲ್ಲ.

"ಇವತ್ತ ಇವು ಹಸದ ಬರಬಾರದು" ಎಂದ. ತುದಿಯ ಕಾಗೆ ಎಂದಿನಂತೆ ಸುಮ್ಮನೆ ಕೂತಿತ್ತು.

ಹಳ್ಳದ ದಂಡೆಯಲ್ಲಿ ಝುಣಕ, ಜೋಳದ ಭಕ್ಕರಿ, ಬೇಯಿಸಿದ ತತ್ತಿ, ಒಂದು ಕಪ್ ಚಹಾ, ಒಂದು ಚಿಟಿಕೆ ತಂಬಾಕು ಎಡೆ ಇಟ್ಟಿದ್ದರು. ಇಬ್ರಾಹಿಮ ಬಂದು ತನ್ನ ಜಾಗದಲ್ಲಿ ನಿಂತ. ಕಾಗೆಗಳೂ ಬಂದು ಬೇವಿನ ಮರ ತುಂಬಿದವು. ಮಂದಿ ಸಮಾಧಾನದಿಂದ ಕೈಕಟ್ಟಿ ನಿಂತರು. ಎಂಟು ಹೊಡೆಯಿತು. ಕಾಗೆಗಳು ಕೊಕ್ಕು ಒರೆಸಿಕೊಳ್ಳುತ್ತಿದ್ದವು, ಕೆಳಗೆ ನೋಡುತ್ತಿದ್ದವು, ಇಳಿಯಲಿಲ್ಲ.

"ಮಾಮಾ, ಒಮ್ಮಿ ಕರೀರಿ" ಎಂದ ಹಾಲಸಿದ್ದ.

"ಗಂಟಲ ಕಟ್ಟೈತೋ."

ಮಾಳಸಿದ್ದನ ಹೆಂಡತಿ ಮುಂದೆ ಬಂದು, ಅವನ ಎರಡು ಟಗರು ಮಾರುವುದಿಲ್ಲ ಎಂದಳು. ಹಾಲಸಿದ್ದ, ಪಟ್ಟಣಕೊಡೋಲಿ ಜಾತ್ರೆಗೆ ಹೋಗಿ ದೇವರಿಗೆ ಭಂಡಾರ ಹಾರಿಸುತ್ತೇನೆ ಎಂದ. ಬಾವಿಯ ನೀರಿನ ತಂಟೆ ಬಿಡುತ್ತೇನೆ, ಅತ್ತಿಗೆಗೇ ಮೊದಲ ಪಾಳಿ ಎಂದ. ಮರದ ತುಂಬ ಕಾಗೆ, ಒಂದೂ ಅಲುಗಲಿಲ್ಲ. ಹಾಗೆ ಕೂತು ನೋಡುವ ಅಷ್ಟು ಕಣ್ಣುಗಳ ಕೆಳಗೆ ನಿಲ್ಲುವುದು ಕಷ್ಟ. ನನಗೂ ಬೆನ್ನು ತಣ್ಣಗಾಯಿತು. ಕಾರಣ ಗೊತ್ತಿದ್ದೂ ತಣ್ಣಗಾಯಿತು.

ಒಂಬತ್ತೂವರೆಗೆ ಹಿರಿಯರೊಬ್ಬರು, "ಸಾಕಪ್ಪಾ, ಕಾಗಿ ಮುಟ್ಟೂದಿಲ್ಲ, ಆಕಳಿಗೆ ಇಡೂಣು" ಎಂದರು. ಇಬ್ರಾಹಿಮ ನೆಲ ನೋಡುತ್ತ ನಿಂತಿದ್ದ. ಕಾಂಚನಳ ಮಾತನ್ನು ತಾನೇ ಎತ್ತಬಹುದಿತ್ತು. ಆದರೆ ಅದು ಹಾಲಸಿದ್ದನ ಬಾಯಿಂದಲೇ ಬರಬೇಕು ಎಂದು ತುಟಿ ಕಚ್ಚಿಕೊಂಡಿದ್ದ. ಆಗ ಹಾಲಸಿದ್ದ ರಸ್ತೆಯ ಕಡೆ ನೋಡಿದ. ಜಾಲಿ ಗಿಡ ಈಗ ಅಲ್ಲಿಲ್ಲ, ರಸ್ತೆ ಅಗಲ ಮಾಡುವಾಗ ಕಡಿದರು. ಆದರೂ ಅವನ ಕಣ್ಣು ಸರಿಯಾಗಿ ಅದೇ ಜಾಗಕ್ಕೆ ಹೋಯಿತು. ಅಂದು ಅವನೂ ನೋಡಿದ್ದ ಎಂದು ನನಗೆ ತಿಳಿದದ್ದು ಆಗಲೇ.

"ಅಣ್ಣಾ" ಎಂದ. ಕೈಮುಗಿದ. "ಅಣ್ಣಾ, ಕಾಂಚನನ್ನ ಮನೀಗಿ ಕರ್ಕೊಂಡ ಬರ್ತೇನು. ನಾಳೇನ ಹೋಗ್ತೇನು."

ಬೇವಿನ ಮರದ ಕಾಗೆಗಳು ಕದಲಲಿಲ್ಲ. ಸ್ಮಶಾನದ ಗೋಡೆಯ ತುದಿಯಲ್ಲಿ ಒಂಟಿಯಾಗಿ ಕೂತಿದ್ದ ಒಂದು ಕಾಗೆ ಇಳಿದು ಬಂತು. ಕುಪ್ಪಳಿಸಿ ಎಡೆಯ ಹತ್ತಿರ ಹೋಗಿ, ಭಕ್ಕರಿಯ ಒಂದು ತುಣುಕು ಹರಿದುಕೊಂಡು ಹಾರಿತು. ಹೆಂಗಸರು ಅತ್ತರು. ಇಬ್ರಾಹಿಮ ನನ್ನ ರಟ್ಟೆ ಗಟ್ಟಿಯಾಗಿ ಹಿಡಿದ.

"ಅದು ನನ್ನ ಕೈಯಾಂದು ಎಂದೂ ತಿಂದಿಲ್ಲ ನೇಮಣ್ಣಾ."

ಮರುದಿನ ನನ್ನ ಹಳೆಯ ಕಾರಿನಲ್ಲಿ ಮೂವರೂ ಕಾಗವಾಡದ ಕಡೆ ಹೊರಟೆವು. ಸೂತಕದ ಮನೆಯಿಂದ ಸೀರೆ ಒಯ್ಯುವಂತಿಲ್ಲ ಎಂದು ಹಾಲಸಿದ್ದ ಬರಿಗೈಯಲ್ಲಿ ಬಂದಿದ್ದ. ಸೂತಕದ ದಿನಗಳು ಮುಗಿಯುವುದರೊಳಗೆ ತಂಗಿಯನ್ನು ಕರೆತಂದರೆ ಆಮೇಲೆ ಉಡಿ ತುಂಬಿದರಾಯಿತು ಎಂದ. ದಾರಿಯುದ್ದಕ್ಕೂ ಮಾತು ಕೂಡಿಸುತ್ತಿದ್ದ. "'ಬಾ ತಂಗಿ' ಅಂದ್ರ ಸಾಕ ಆಗತೈತಿ ಏನ್ರಿ? ಮೊದಲ ಕಾಲ ಬಿದ್ದ ಬಿಡ್ಲ್ಯಾ?" ಇಬ್ರಾಹಿಮನ ಮುಖ ನಾನು ಅಷ್ಟು ಹಗುರವಾಗಿ ಹದಿನಾಲ್ಕು ವರ್ಷದಿಂದ ನೋಡಿರಲಿಲ್ಲ. ಕೃಷ್ಣಾ ಹೊಳೆ ದಾಟಿದ ಮೇಲೆ ಗಾಡಿ ನಿಲ್ಲಿಸಿ ಎರಡು ಕಿಲೋ ದ್ರಾಕ್ಷಿ ತಂದ. ದ್ರಾಕ್ಷಿ ಬೆಳೆಯುವವರ ಊರಿಗೆ ದ್ರಾಕ್ಷಿ ಒಯ್ಯುವ ಜಾಣ ಎಂದು ನಾನು ನಕ್ಕೆ. ಅವನೂ ನಕ್ಕ.

ಮನೆ ತೋಟದ ಅಂಚಿನಲ್ಲಿತ್ತು. ಹದಿನಾರು ವರ್ಷದ ಹುಡುಗಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಹೊಳೆವ್ವನದೇ ಹಣೆ. ಅಂದು ಸೊಂಟದ ಮೇಲಿದ್ದ ಮಗು.

"ಯಾರ ಬೇಕ್ರಿ?"

"ನಾ ನಿಮ್ಮ ಸಣ್ಣ ಮಾಮಾ ಅವ್ವಿ. ಬೇಡಕಿಹಾಳದಾಂವ. ನಿಮ್ಮವ್ವ ಎಲ್ಲಿ?"

ಹುಡುಗಿ ಕೈಯಲ್ಲಿದ್ದ ಬಟ್ಟೆಯನ್ನು ಹಗ್ಗಕ್ಕೆ ಹಾಕಿದಳು. "ಒಳಗ ಬರ್ರಿ" ಎಂದಳು. ಒಳಗೆ ಎದುರು ಗೋಡೆಯ ಮೇಲೆ ಕಾಂಚನಳ ಫೋಟೋ, ಅದಕ್ಕೆ ಮಾಲೆ. ಹಾಲಸಿದ್ದ ಹೊಸ್ತಿಲ ಮೇಲೇ ಕೂತ.

ಹುಡುಗಿಯ ಹೆಸರು ಸೋನಾಲಿ. ಅಪ್ಪ ಗಾಡಿ ತಗೊಂಡು ದ್ರಾಕ್ಷಿ ಹೊರಲು ಹೋಗಿದ್ದ. ಆಕೆ ಮೂವರಿಗೂ ನೀರು ಕೊಟ್ಟು, ಅಳದೆ ಹೇಳಿದಳು. ಹೋದ ವರ್ಷ ಶ್ರಾವಣದಲ್ಲಿ, ಕಾಮಾಲೆ ಆಗಿ.

"ದೊಡ್ಡ ಮಾಮಾಗ ನಾನ ಫೋನ್ ಮಾಡಿದ್ನಿ. 'ಹೂಂ' ಅಂದು ಇಟ್ರು. ಮೂರನೇ ದಿವಸಕ್ಕರ ಬರ್ತಾರ ಅಂತ ಕಾದ್ವಿ."

ಮಾಳಸಿದ್ದ ಬಾಕಿನ ಮೇಲೆ ಕೂತು ಏನನ್ನು ನೋಡುತ್ತಿದ್ದ ಎಂದು ನನಗೆ ಆಗ ತಿಳಿಯಿತು. ತಂಗಿ ಸತ್ತ ಸುದ್ದಿಯನ್ನು ಅವನು ತಮ್ಮನಿಗೂ ಹೇಳದೆ ಹೊತ್ತುಕೊಂಡೇ ಸತ್ತಿದ್ದ.

ಇಬ್ರಾಹಿಮ ಕೇಳಿದ: "ಅವತ್ತ ಕಾಗಿ ಮುಟ್ಟಿತ ಅವ್ವಿ?"

"ಇಲ್ಲರಿ. ಹನ್ನೆರಡ ಹೊಡೀತು. ಅಪ್ಪಾ ಏನೇನೋ ಹೇಳಿದ, ಮುಟ್ಟಲಿಲ್ಲ. ಕಡೀಕ ಆಕಳಿಗೆ ಇಟ್ರು." ಆಮೇಲೆ ಆಕೆ ಅವನ ಟೋಪಿಯನ್ನು, ಗಡ್ಡವನ್ನು ನೋಡಿದಳು. "ನೀವು ಇಬ್ರಾಹಿಮ ಮಾಮಾ ಏನ್ರಿ?"

ಅವನು ತಲೆಯಾಡಿಸಿದ.

"ಅವ್ವ ಹೇಳಿದ್ಲು. ನಾ ಸತ್ರ ಯಾರರ ಇಬ್ರಾಹಿಮ ಮಾಮಾನ್ನ ಕರಸೂಣು ಅಂದ್ರ ಬ್ಯಾಡ ಅನ್ನು. ಅಂವಾ ಬಂದ್ರ ಕಾಗಿ ಬರ್ತಾವ. ನಮ್ಮಣ್ಣಗೋಳು ಬರೂ ಮೊದಲ ಕಾಗಿ ಬರಬಾರದು."

ಸಿಟ್ಟಿನಿಂದ ಹೇಳಿದ್ದಲ್ಲ. ಯಾರೋ ಕೊಟ್ಟಿದ್ದ ಸಾಮಾನನ್ನು ಅದರ ಒಡೆಯನಿಗೆ ಮುಟ್ಟಿಸುವ ಹಾಗೆ ಹೇಳಿದಳು. ಇಬ್ರಾಹಿಮ ಕೈಯಲ್ಲಿದ್ದ ನೀರು ಕುಡಿಯಲಿಲ್ಲ. "ತೌಬಾ" ಎಂದು ಕೆನ್ನೆ ಮುಟ್ಟಿಕೊಂಡ.

ಸಂಜೆಯ ಹೊತ್ತಿಗೆ ಸೋನಾಲಿ ಎಡೆ ಇಟ್ಟಿದ್ದ ಜಾಗ ತೋರಿಸಿದಳು. ಹಾಲಸಿದ್ದ ಒಂದು ಭಕ್ಕರಿ ಇಟ್ಟು ಮೊಣಕಾಲೂರಿದ. "ಕಾಂಚನಾ, ಬಂದೇನಿ ತಂಗಿ. ತಪ್ಪಾತು. ಬಾ, ಮನೀಗಿ ಹೋಗೂಣು." ತಂತಿಯ ಮೇಲೆ ಐದಾರು ಕಾಗೆ ಇದ್ದವು. ಇಬ್ರಾಹಿಮ ಬೇಕೆಂದೇ ದೂರ, ರಸ್ತೆಯ ಆಚೆ, ಎಲ್ಲರಿಗೂ ಬೆನ್ನು ಮಾಡಿ ನಿಂತಿದ್ದ. ಹೊತ್ತು ಮುಳುಗುವ ತನಕ ಕಾದೆವು. ಕಾಗೆಗಳು ಗೂಡಿಗೆ ಹೋದವು, ಭಕ್ಕರಿ ಹಾಗೇ ಉಳಿಯಿತು. ಸೋನಾಲಿಯನ್ನು ಹಾಲಸಿದ್ದ ಊರಿಗೆ ಕರೆದ. "ಅಪ್ಪಾನ್ನ ಕೇಳಿ ಹೇಳ್ತೇನ್ರಿ" ಎಂದಳು. ಇನ್ನೂ ಹೇಳಿಲ್ಲ.

ಈಗ ಇಬ್ರಾಹಿಮ ಯಾರ ಮೂರನೇ ದಿನಕ್ಕೂ ಹೋಗುವುದಿಲ್ಲ. ಫೋನು ಬಂದರೆ ಅವನ ಹೆಂಡತಿ ಶಹಜಾದಬಿ ಎತ್ತಿ, ಅವರಿಗೆ ಆರಾಮಿಲ್ಲರಿ ಎನ್ನುತ್ತಾಳೆ. ಬೆಳಿಗ್ಗೆ ತಗಡಿನ ಮೇಲೆ ಚೂರು ಎಸೆಯುತ್ತಾನೆ, ಆದರೆ ಕೂಗುವುದಿಲ್ಲ.

ಮೊದಲು ಗಮನಿಸಿದವಳು ಜಿನಮತಿ. "ತಗಡಿನ ತುದೀಗಿ ಕೂಡೂ ಕಾಗಿ ಒಂದ ಇತ್ತಲ್ಲ, ಈಗ ಎರಡ ಅದಾವ ನೋಡ್ರಿ" ಎಂದಳು. ಜೊತೆ ಸಿಕ್ಕಿರಬೇಕು, ಗೂಡು ಕಟ್ಟುವ ಕಾಲ ಎಂದೆ. ಆಕೆ ಹೂಂ ಎಂದಳು. ನಮ್ಮಿಬ್ಬರಿಗೂ ಇದರಲ್ಲಿ ನಂಬಿಕೆ ಇಲ್ಲ.

ಮೊನ್ನೆ ಕರೆಂಟು ಹೋಗಿ ಗಿರಣಿ ನಿಂತಾಗ ಎದುರಿನ ಮಾತು ಕೇಳಿಸಿತು. ಇಬ್ರಾಹಿಮ ಬಾಕಿನ ಮೇಲೆ ಹತ್ತಿ ನಿಂತು, ತಗಡಿನ ತುದಿಯಲ್ಲಿ ಎರಡು ಚೂರು ಇಡುತ್ತಿದ್ದ. "ಹೊಳೆವ್ವಾ, ತಪ್ಪಾತ ಬೇ. ಮಗಳಿಗೂ ಹೇಳ. ತಿನ್ರಿ ಇಬ್ರೂ."

ಅವು ತಿನ್ನಲಿಲ್ಲ. ಇವತ್ತೂ ತಿಂದಿಲ್ಲ.